ಮುಟ್ಟಿದರಷ್ಟೇ ಹಾಡುವ ಲೋಹ: ಹ್ಯಾರಿ ಬರ್ಟೋಯಾ ಎಂಬ ವಲಸಿಗನ ಬದುಕು

ಒಂದು ಚೌಕದ ಲೋಹದ ತಟ್ಟೆ. ಅದರ ಮೇಲೆ ಪೈರು ನಾಟಿ ಮಾಡಿದ ಹಾಗೆ ಸಾಲುಸಾಲಾಗಿ ನೆಟ್ಟ ಹತ್ತಾರು ತೆಳ್ಳನೆಯ ಸರಳುಗಳು. ಕೆಲವದರ ತುದಿಗೆ ಜೊಂಡಿನ ತೆನೆಯಂಥ ಪುಟ್ಟ ಉರುಳೆ. ನೋಡೋಕೆ ಇಷ್ಟೇ. ಆದರೆ ಅಂಗೈಯಿಂದ ಒಮ್ಮೆ ಸವರಿ ಬಿಟ್ಟರೆ ಸರಳುಗಳು ತೊನೆದಾಡಿ ಒಂದಕ್ಕೊಂದು ತಾಕುತ್ತವೆ, ಗಂಟೆಯೂ ಅಲ್ಲದ ಜಾಗಟೆಯೂ ಅಲ್ಲದ ಒಂದು ಗುಂಯ್ ನಾದ ಎದ್ದು ಬಹಳ ಹೊತ್ತು ನಿಲ್ಲುತ್ತದೆ. ಇಂಥ ಶಿಲ್ಪಗಳಲ್ಲಿ ಬಹಳಷ್ಟು ಇವತ್ತು ಶ್ರೀಮಂತರ ಖಾಸಗಿ ಸಂಗ್ರಹಗಳಲ್ಲಿವೆ. ದೊಡ್ಡವು ಹರಾಜಿಗೆ ಬಂದರೆ ಲಕ್ಷಾಂತರ ಡಾಲರ್‌ಗೆ ಹೋಗುತ್ತವೆ. ಮ್ಯೂಸಿಯಂ ಸೇರಿದವುಗಳ ಮುಂದೆ ಬಹುತೇಕ ಮುಟ್ಟಬೇಡಿ ಅನ್ನೋ ಫಲಕ ಇರುತ್ತದೆ. ಮುಟ್ಟದೇ ಹೋದರೆ ಇದು ಅರ್ಧ ಶಿಲ್ಪ ಮಾತ್ರ ಅನ್ನೋದು ಬೇರೆ ಮಾತು.

ಇದನ್ನು ಮಾಡಿದವರು ಹ್ಯಾರಿ ಬರ್ಟೋಯಾ. ಕುರ್ಚಿಗಳ ಬಗ್ಗೆ ಆಸಕ್ತಿ ಇರುವವರಿಗೆ ಆ ಹೆಸರು ಗೊತ್ತಿರುತ್ತದೆ. ತಂತಿ ಜಾಲರಿಯ ಡೈಮಂಡ್ ಕುರ್ಚಿ ಅವರದೇ, ಅದರ ನಕಲುಗಳನ್ನು ಯಾವುದಾದರೂ ಕೆಫೆಯಲ್ಲಿ ನೀವೂ ನೋಡಿರಬಹುದು. ಆದರೆ ಅವರ ಬದುಕಿನ ಕತೆ ಕುರ್ಚಿಗಿಂತ ದೊಡ್ಡದು. ದುಡಿದವರು ಒಬ್ಬರು, ಹೆಸರು ಇನ್ನೊಬ್ಬರದು ಅನ್ನುವ ನಮಗೆಲ್ಲ ಪರಿಚಯವಿರುವ ಜಗಳ ಅದರಲ್ಲಿದೆ. ಕಾರ್ಖಾನೆಯ ಹೊಗೆಗೆ ಯಾರ ಶ್ವಾಸಕೋಶ ಬಲಿಯಾಗುತ್ತದೆ ಅನ್ನುವ ಪ್ರಶ್ನೆಯೂ ಇದೆ.

1915ರ ಮಾರ್ಚ್ 10ರಂದು ಇಟಲಿಯ ಈಶಾನ್ಯ ಮೂಲೆಯ ಫ್ರಿಯೂಲಿ ಸೀಮೆಯ ಸಾನ್ ಲೊರೆಂಜೊ ಎಂಬ ಹಳ್ಳಿಯಲ್ಲಿ ಹುಟ್ಟಿದ ಹುಡುಗನ ಹೆಸರು ಅರಿಯೆಟೊ. ಅವನಿಗೆ ಎರಡು ವರ್ಷ ಆಗಿದ್ದಾಗ ಆಸ್ಟ್ರಿಯಾ ಮತ್ತು ಜರ್ಮನಿಯ ಸೈನ್ಯಗಳು ಆ ಸೀಮೆಯನ್ನೇ ಆಕ್ರಮಿಸಿಕೊಂಡವು. ಯುದ್ಧ ಮುಗಿದ ಮೇಲೆ ಉಳಿದದ್ದು ಬಡತನ, ಆಮೇಲೆ ಬಂದದ್ದು ಮುಸೊಲಿನಿ. ಹುಡುಗನಿಗೆ ಚಿತ್ರ ಬರೆಯೋ ಕೈ ಇತ್ತು. ಮದುವೆ ಗೊತ್ತಾದ ಹೆಣ್ಣುಮಕ್ಕಳು ತಮ್ಮ ಬಟ್ಟೆಗಳ ಕಸೂತಿಗೆ ನಕ್ಷೆ ಬರೆಸಿಕೊಳ್ಳಲು ಇವನ ಬಳಿ ಬರುತ್ತಿದ್ದರು. ಊರಿಂದೂರಿಗೆ ಹೋಗುವ ರೋಮಾ ಅಲೆಮಾರಿ ಕಂಚುಗಾರರು ಹಳ್ಳಿಗೆ ಬಂದು ತಾಮ್ರದ ಪಾತ್ರೆ ಬಡಿಯುವ ಸದ್ದಿಗೆ ಈ ಹುಡುಗ ಮರುಳಾಗಿದ್ದ ಅಂತ ಅವರ ಬದುಕು ಬರೆದವರೆಲ್ಲ ಹೇಳುತ್ತಾರೆ. ಮುಂದಿನ ಕತೆ ಗೊತ್ತಿದ್ದವರಿಗೆ ಇದು ತೀರಾ ಹೊಂದಿಸಿಟ್ಟ ಹಾಗೆ ಕಾಣಬಹುದು. ಆದರೂ ನಂಬಬಹುದಾದ ಮಾತೇ. ಯುರೋಪಿನಲ್ಲಿ ಲೋಹದ ಕೆಲಸವನ್ನು ಹಳ್ಳಿಹಳ್ಳಿಗೆ ಹೊತ್ತು ತಿರುಗಿದವರು, ಎಲ್ಲ ಊರಿನವರಿಂದಲೂ ಅನುಮಾನದ ಕಣ್ಣಿಗೆ ಬಿದ್ದವರು ಅವರೇ.

1930ರಲ್ಲಿ, 15ನೇ ವಯಸ್ಸಿಗೆ, ಅಪ್ಪನ ಜೊತೆ ಅಮೆರಿಕದ ಡೆಟ್ರಾಯಿಟ್‌ಗೆ ಹೋದ. ಅಣ್ಣ ಒರೆಸ್ಟೆ ಆಗಲೇ ಅಲ್ಲಿದ್ದ. ಅಪ್ಪ ಊರಿಗೆ ವಾಪಸ್ ಆದರು, ಹುಡುಗ ಅಲ್ಲೇ ಉಳಿದ. ಇದು ಸುಲಭದ ಕಾಲ ಅಲ್ಲ ನೋಡಿ. 1924ರ ಕಾನೂನು ಇಟಲಿಯಿಂದ ಬರುವವರಿಗೆ ವರ್ಷಕ್ಕೆ ಕೆಲವೇ ಸಾವಿರದ ಮಿತಿ ಹಾಕಿತ್ತು. ಅದರ ಮೇಲೆ ಮಹಾ ಆರ್ಥಿಕ ಕುಸಿತ, ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ ಕೆಲಸ ಕಳೆದುಕೊಂಡವರ ಸಾಲು. ಅರಿಯೆಟೊ ಅನ್ನೋ ಹೆಸರು ಅಲ್ಲಿನವರ ಬಾಯಿಗೆ ಹ್ಯಾರಿ ಆಯಿತು.

ಅವರನ್ನು ಕಾಪಾಡಿದ್ದು ಸರ್ಕಾರಿ ಶಾಲೆ. ಈ ಮಾತನ್ನು ಒತ್ತಿ ಹೇಳಬೇಕು. ಕಾಸ್ ಟೆಕ್ನಿಕಲ್ ಹೈಸ್ಕೂಲ್ ಅನ್ನೋ ಅಲ್ಲಿನ ಸಾರ್ವಜನಿಕ ಶಾಲೆಯಲ್ಲಿ ಕೈಕಸುಬು ಮತ್ತು ಕಲೆ ಎರಡನ್ನೂ ಕಲಿಸುತ್ತಿದ್ದರು. ಭಾಷೆ ಸರಿಯಾಗಿ ಬಾರದ ವಲಸಿಗ ಹುಡುಗ ಅಲ್ಲಿ ಆಭರಣ ಮಾಡುವುದನ್ನು ಕಲಿತ. ಅಲ್ಲಿಂದ ವಿದ್ಯಾರ್ಥಿವೇತನ ಹಿಡಿದು ಡೆಟ್ರಾಯಿಟ್‌ನ ಕಲಾಶಾಲೆಗೆ, 1937ರಲ್ಲಿ ಇನ್ನೊಂದು ವಿದ್ಯಾರ್ಥಿವೇತನದ ಮೇಲೆ ಕ್ರಾನ್‌ಬ್ರೂಕ್ ಕಲಾ ಅಕಾಡೆಮಿಗೆ. ಫಿನ್ಲೆಂಡ್‌ನಿಂದ ಬಂದ ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ಅಲ್ಲಿನ ಮುಖ್ಯಸ್ಥರು. ಚಾರ್ಲ್ಸ್ ಈಮ್ಸ್, ರೇ ಕೈಸರ್, ಎಲಿಯೆಲ್ ಅವರ ಮಗ ಈರೋ ಸಾರಿನೆನ್, ಮುಂದೆ ಫ್ಲಾರೆನ್ಸ್ ನೋಲ್ ಆದ ಫ್ಲಾರೆನ್ಸ್ ಶುಸ್ಟ್, ಇವರೆಲ್ಲ ಅಲ್ಲಿ ಸಿಕ್ಕವರು. ಅಮೆರಿಕದ ಮಧ್ಯಮ ವರ್ಗದ ಮನೆಯ ರೂಪವನ್ನೇ ಬದಲಿಸಿದ ಗುಂಪು ಅದು.

1939ರಲ್ಲಿ ಕ್ರಾನ್‌ಬ್ರೂಕ್‌ನ ಲೋಹದ ಕಾರ್ಯಾಗಾರವನ್ನು ಬರ್ಟೋಯಾ ಕೈಗೆ ಕೊಟ್ಟರು. ಸ್ವಲ್ಪ ದಿನಕ್ಕೇ ಯುದ್ಧ ಬಂತು, ಲೋಹವೆಲ್ಲ ಶಸ್ತ್ರಾಸ್ತ್ರಕ್ಕೆ ಹೋಯಿತು. ಕೈಗೆ ಸಿಕ್ಕ ಚೂರುಪಾರಿನಲ್ಲಿ ಸಣ್ಣ ಸಣ್ಣ ಆಭರಣ ಮಾಡತೊಡಗಿದರು. 1941ರಲ್ಲಿ ಚಾರ್ಲ್ಸ್ ಮತ್ತು ರೇ ಮದುವೆಯಾದಾಗ ಉಂಗುರ ಮಾಡಿಕೊಟ್ಟವರು ಇವರೇ. ಲೋಹ ಸಿಗದ ದಿನಗಳಲ್ಲಿ ಮಾನೋಟೈಪ್ ಅನ್ನೋ ಒಂದೇ ಪ್ರತಿಯ ಮುದ್ರಣಚಿತ್ರಗಳನ್ನು ರಾಶಿ ರಾಶಿ ಮಾಡಿದರು. ಸುಮಾರು ನೂರನ್ನು ಕಟ್ಟಿ ನ್ಯೂಯಾರ್ಕ್‌ಗೆ ಕಳಿಸಿದರೆ, ಇಂದಿನ ಗುಗ್ಗೆನ್‌ಹೈಮ್ ಮ್ಯೂಸಿಯಂನ ಮುಖ್ಯಸ್ಥೆಯಾಗಿದ್ದ ಹಿಲ್ಲಾ ರೆಬೇ ಅವುಗಳನ್ನು ಕೊಂಡು ಪ್ರದರ್ಶನಕ್ಕೆ ಇಟ್ಟರು.

ಇದೇ ಹೊತ್ತಿನ ಇನ್ನೊಂದು ಸಂಗತಿ. ಬರ್ಟೋಯಾ ಅಮೆರಿಕದ ಪ್ರಜೆಯಾದದ್ದು 1946ರಲ್ಲಿ. ಅಂದರೆ ಯುದ್ಧದುದ್ದಕ್ಕೂ ಕಾಗದದ ಲೆಕ್ಕದಲ್ಲಿ ಅವರು ಇಟಲಿಯವರು. ಪೌರತ್ವ ಇಲ್ಲದ ಲಕ್ಷಾಂತರ ಇಟಾಲಿಯನ್ನರನ್ನು ಅಮೆರಿಕ ಶತ್ರು ದೇಶದ ಪರಕೀಯರು ಅಂತ ಘೋಷಿಸಿತ್ತು. ಓಡಾಟಕ್ಕೆ ನಿರ್ಬಂಧ, ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳೋಕೂ ನಿರ್ಬಂಧ. 1942ರ ಅಕ್ಟೋಬರ್‌ನಲ್ಲಿ ಆ ಹಣೆಪಟ್ಟಿ ತೆಗೆದರು. ಜಪಾನಿ ಮೂಲದವರಿಗೆ ಆದದ್ದಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ, ನಿಜ. ಆದರೆ ಪೌರತ್ವದ ಕಾಗದ ಕೇಳುವ ಸರ್ಕಾರದ ಕೆಳಗೆ ಬದುಕುವುದು ಅಂದ್ರೇನು ಅನ್ನೋದು ಅವರಿಗೂ ಗೊತ್ತಿತ್ತು.

1943ರಲ್ಲಿ ಬ್ರಿಜಿಟಾ ವ್ಯಾಲೆಂಟೈನರ್ ಅವರನ್ನು ಮದುವೆಯಾದರು. ಆಕೆ ಡೆಟ್ರಾಯಿಟ್ ಕಲಾ ಮ್ಯೂಸಿಯಂ ನಿರ್ದೇಶಕರ ಮಗಳು. ಅದೇ ವರ್ಷ ಈಮ್ಸ್ ದಂಪತಿ ಕರೆದರೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟರು. ಅಲ್ಲಿ ಪ್ಲೈವುಡ್ ಬಗ್ಗಿಸುವ ಕೆಲಸ. ಗಾಯಗೊಂಡ ಸೈನಿಕರ ಮುರಿದ ಕಾಲಿಗೆ ಕಟ್ಟುವ ಪ್ಲೈವುಡ್ ಪಟ್ಟಿಗಳನ್ನು ನೌಕಾಪಡೆಗಾಗಿ ಸುಮಾರು 1,50,000ದಷ್ಟು ಮಾಡಿದ ಘಟಕ ಅದು. ಆ ಕೌಶಲವೇ ಯುದ್ಧದ ನಂತರ ಕುರ್ಚಿಗಳಾಯಿತು. ಬರ್ಟೋಯಾ ಸಾಂಟಾ ಮೋನಿಕಾದ ಕಾಲೇಜಿನಲ್ಲಿ ವೆಲ್ಡಿಂಗ್ ಕಲಿತದ್ದು ಆಗಲೇ.

1946ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ ಈ ಕುರ್ಚಿಗಳ ಪ್ರದರ್ಶನ ಮಾಡಿತು. ಅದರಲ್ಲಿದ್ದದ್ದು ಒಂದೇ ಹೆಸರು, ಚಾರ್ಲ್ಸ್ ಈಮ್ಸ್. ಬರ್ಟೋಯಾ ಹೆಸರಿಲ್ಲ, ಅವರ ಜೊತೆ ದುಡಿದ ಹರ್ಬರ್ಟ್ ಮ್ಯಾಟರ್, ಗ್ರೆಗರಿ ಐನ್ ಹೆಸರಿಲ್ಲ, ಅಷ್ಟೇ ಯಾಕೆ, ಹೆಂಡತಿ ರೇ ಹೆಸರು ಕೂಡ ಇಲ್ಲ. ಲೋಹದ ಕಾಲುಗಳ ಆ ಕುರ್ಚಿಯಲ್ಲಿ ಯಾರ ಪಾಲು ಎಷ್ಟು ಅಂತ ವಿದ್ವಾಂಸರು ಈಗಲೂ ವಾದಿಸುತ್ತಾರೆ. ಅದು ಮುಗಿಯುವ ವಾದವಲ್ಲ, ಯಾಕೆಂದರೆ ಒಂದೇ ಕೋಣೆಯಲ್ಲಿ ಐದಾರು ಜನ ಒಂದೇ ವಸ್ತುವಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದಾಗ ಗೆರೆ ಎಳೆಯೋಕೆ ಆಗಲ್ಲ. ಹಾಗಿದ್ದಾಗ ಎಲ್ಲರ ಹೆಸರನ್ನೂ ಹಾಕಬೇಕಿತ್ತು ಅನ್ನೋದೇ ನನ್ನ ಅಭಿಪ್ರಾಯ. ಸ್ಟಾರ್ಟಪ್‌ಗಳಲ್ಲಿ ರಾತ್ರಿ ಹಗಲು ದುಡಿದು ಸ್ಥಾಪಕನ ಫೋಟೊ ಮಾತ್ರ ಪತ್ರಿಕೆಯಲ್ಲಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರ್ಟೋಯಾ ಗಲಾಟೆ ಮಾಡಲಿಲ್ಲ. ಕೆಲಸ ಬಿಟ್ಟರು. ಮ್ಯಾಟರ್, ಐನ್ ಕೂಡ ಹೊರಬಂದರು.

ಆಮೇಲೆ ಕೆಲವು ವರ್ಷ ಸ್ಯಾನ್ ಡಿಯಾಗೊ ಬಳಿಯ ನೌಕಾಪಡೆಯ ಪ್ರಯೋಗಾಲಯದಲ್ಲಿ ಸಂಬಳದ ಕೆಲಸ. ಮನುಷ್ಯನ ದೇಹಕ್ಕೆ ಉಪಕರಣಗಳನ್ನು ಹೊಂದಿಸುವುದು ಹೇಗೆ ಎಂಬ ಅಧ್ಯಯನ ಅಲ್ಲಿ ನಡೆಯುತ್ತಿತ್ತು. ಬಿಡುವಿನಲ್ಲಿ ಶಿಲ್ಪ.

1950ರಲ್ಲಿ ಹಳೆಯ ಗೆಳತಿ ಫ್ಲಾರೆನ್ಸ್ ಮತ್ತು ಆಕೆಯ ಗಂಡ ಹಾನ್ಸ್ ನೋಲ್ ಪೆನ್ಸಿಲ್ವೇನಿಯಾಕ್ಕೆ ಕರೆದರು. ಏನು ಬೇಕಾದರೂ ಮಾಡು, ಮಾಡಿದ್ದಕ್ಕೆ ನಿನ್ನ ಹೆಸರೇ ಇರುತ್ತದೆ ಅನ್ನೋ ಒಪ್ಪಂದ. 1952ರಲ್ಲಿ ಡೈಮಂಡ್ ಕುರ್ಚಿ ಬಂತು. ಬಗ್ಗಿಸಿದ ಉಕ್ಕಿನ ತಂತಿಗಳ ಜಾಲರಿ, ಒಂದು ಚೌಕವನ್ನು ನಾಲ್ಕೂ ಕಡೆ ಎಳೆದು ಜೋಲಿ ಮಾಡಿದಂಥ ಆಕಾರ. ಬೆನ್ನಿಗೇ ಕೋರ್ಟ್ ಕೇಸು. ಈಮ್ಸ್ ಕುರ್ಚಿಗಳನ್ನು ಮಾರುತ್ತಿದ್ದ ಹರ್ಮನ್ ಮಿಲ್ಲರ್ ಕಂಪನಿ, ಅಂಚಿಗೆ ಎರಡು ತಂತಿ ಕೂಡಿಸುವ ವಿಧಾನದ ಪೇಟೆಂಟ್ ತಮ್ಮದು ಅಂತ ದಾವೆ ಹೂಡಿ ಗೆದ್ದಿತು. ನೋಲ್ ಕಂಪನಿ ಅಂಚನ್ನು ಒಂದೇ ದಪ್ಪ ತಂತಿಗೆ ಬದಲಿಸಿತು. ತಂತಿ ಬಗ್ಗಿಸುವುದನ್ನು ಈಮ್ಸ್ ಕಚೇರಿಯಲ್ಲೇ ಇದ್ದು ಪ್ರಯೋಗ ಮಾಡಿದ್ದ ಮನುಷ್ಯನ ಕುರ್ಚಿಯ ಮೇಲೆ, ಈಮ್ಸ್ ಹೆಸರಿನ ಪೇಟೆಂಟ್ ಕೇಸು! ಇರಲಿ. ಕುರ್ಚಿ ಚೆನ್ನಾಗಿ ಮಾರಾಟವಾಯಿತು. ಆ ದುಡ್ಡಿನ ಬಲದಿಂದ ಬರ್ಟೋಯಾ ಬಾರ್ಟೊ ಎಂಬ ಹಳ್ಳಿಯಲ್ಲಿ ಹೊಲದ ಮನೆಯಲ್ಲಿ ನೆಲೆಯೂರಿ, ಪಕ್ಕದ ಬ್ಯಾಲಿ ಊರಿನಲ್ಲಿ ಕಾರ್ಯಾಗಾರ ಮಾಡಿಕೊಂಡು, ಮತ್ತೆ ಕುರ್ಚಿ ಕಡೆ ಹೆಚ್ಚು ತಲೆ ಹಾಕದೆ ಶಿಲ್ಪಕ್ಕೇ ಇಳಿದರು.

ಅವರಿಗೆ ಕೆಲಸ ಕೊಟ್ಟವರು ಯಾರು ಅಂತ ನೋಡಿದರೆ ಆ ಕಾಲದ ಅಮೆರಿಕದ ನಕ್ಷೆಯೇ ಸಿಗುತ್ತದೆ. ಜನರಲ್ ಮೋಟರ್ಸ್, ಬ್ಯಾಂಕು, ವಿಮಾನ ನಿಲ್ದಾಣ, ತೈಲ ಕಂಪನಿ. 50ಕ್ಕೂ ಹೆಚ್ಚು ದೊಡ್ಡ ಶಿಲ್ಪಗಳು. 1954ರಲ್ಲಿ ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂದಲ್ಲಿ ಮ್ಯಾನುಫ್ಯಾಕ್ಚರರ್ಸ್ ಟ್ರಸ್ಟ್ ಬ್ಯಾಂಕು ಪೂರ್ತಿ ಗಾಜಿನ ಕಟ್ಟಡ ಕಟ್ಟಿ, ತಿಜೋರಿಯನ್ನೂ ರಸ್ತೆಗೆ ಕಾಣುವಂತೆ ಇಟ್ಟಿತು. ಅದರೊಳಗೆ ಬರ್ಟೋಯಾ ಮಾಡಿದ 70 ಅಡಿ ಉದ್ದದ ಲೋಹದ ಪರದೆ, ಸುಮಾರು 800 ಫಲಕಗಳು, 5 ಟನ್ ತೂಕ. ಮರುವರ್ಷ ಎಂಐಟಿಯ ಪ್ರಾರ್ಥನಾ ಮಂದಿರದಲ್ಲಿ, ಛಾವಣಿಯ ಕಿಂಡಿಯಿಂದ ಬೀಳುವ ಬೆಳಕಿನ ಜೊತೆಗೇ ಇಳಿದುಬಂದಂತೆ ಕಾಣುವ ಲೋಹದ ಚೂರುಗಳ ಜಾಲ. ನನ್ನ ಮಟ್ಟಿಗೆ ಅವರ ನಿಶ್ಶಬ್ದ ಕೆಲಸಗಳಲ್ಲಿ ಅದೇ ಅತ್ಯುತ್ತಮ.

ಡಲ್ಲಾಸ್‌ನ ಕತೆ ಕೇಳಿ. 1955ರಲ್ಲಿ ಅಲ್ಲಿನ ಹೊಸ ಸಾರ್ವಜನಿಕ ಗ್ರಂಥಾಲಯಕ್ಕೆ ಬರ್ಟೋಯಾ ಒಂದು ಪರದೆ ಮಾಡಿದರು. ಮೇಯರ್ ಆರ್.ಎಲ್. ಥಾರ್ನ್‌ಟನ್‌ಗೆ ಅದು ಬಣ್ಣ ಬಳಿದ ಗುಜರಿಯಾಗಿ ಕಂಡಿತು. ಜನರ ತೆರಿಗೆ ದುಡ್ಡು ಇದಕ್ಕಾ ಅಂತ ಗದ್ದಲ ಎದ್ದಿತು. ಕೊನೆಗೆ ಕಟ್ಟಡದ ವಾಸ್ತುಶಿಲ್ಪಿ ಜಾರ್ಜ್ ಡಾಲ್ ತಾವೇ 8,500 ಡಾಲರ್ ಕಟ್ಟಿ ಅದನ್ನು ಬಿಚ್ಚಿಸಿ ಮನೆಗೆ ಸಾಗಿಸಿದರು. ಆಮೇಲೆ ನಗರದ ಕಲಾಪ್ರೇಮಿಗಳು ಚಂದಾ ಎತ್ತಿ ಅದನ್ನು ಗ್ರಂಥಾಲಯಕ್ಕೆ ಮರಳಿ ತಂದರು. ಮೇಯರ್ ಕೇಳಿದ ಪ್ರಶ್ನೆಯನ್ನು ಮೂರ್ಖತನ ಅಂತ ತಳ್ಳಿಹಾಕೋದು ಸುಲಭ. ಸಾರ್ವಜನಿಕ ಹಣದ ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ತನಗೆ ಅರ್ಥವಾಗದ್ದು ಜನರಿಗೂ ಬೇಡ ಅಂತ ಒಬ್ಬ ರಾಜಕಾರಣಿ ತೀರ್ಮಾನಿಸಿಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಡಲ್ಲಾಸ್ ಒಳ್ಳೆಯ ಉದಾಹರಣೆ.

ಶಬ್ದ ಶುರುವಾದದ್ದು 1960ರ ಆಸುಪಾಸಿನಲ್ಲಿ. ತಂತಿಯೊಂದನ್ನು ಬಗ್ಗಿಸುವಾಗ ಅದು ಕೈ ತಪ್ಪಿ ಇನ್ನೊಂದಕ್ಕೆ ಬಡಿದು ಎದ್ದ ಸದ್ದು ಅವರನ್ನು ಹಿಡಿದು ನಿಲ್ಲಿಸಿತಂತೆ. ಒಂದು ಸರಳು ಹೀಗೆ ಹಾಡಿದರೆ ಹತ್ತು ಏನು ಮಾಡಬಹುದು, ನೂರು ಏನು ಮಾಡಬಹುದು? ಮುಂದಿನ 18 ವರ್ಷ ಅವರು ಹುಡುಕಿದ್ದು ಇದನ್ನೇ. ಸರಳು ಉದ್ದವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ದಪ್ಪ ಬದಲಿಸಿದರೆ, ಲೋಹದ ಮಿಶ್ರಣ ಬದಲಿಸಿದರೆ ನಾದದ ಬಣ್ಣವೇ ಬೇರೆ. ತುದಿಗೆ ಭಾರ ಕೂಡಿಸಿದರೆ ತೊನೆದಾಟ ನಿಧಾನವಾಗಿ ಸದ್ದು ಹೆಚ್ಚು ಹೊತ್ತು ಬರುತ್ತದೆ. ವೀಣೆಯ ತಂತಿಯಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು ಅಂತ ಅಚ್ಚುಕಟ್ಟಾಗಿ ಮೇಲ್ಸ್ವರಗಳು ಹುಟ್ಟುತ್ತವೆ. ಒಂದು ತುದಿ ಮಾತ್ರ ನೆಟ್ಟ ಸರಳಿನಲ್ಲಿ ಆ ಲೆಕ್ಕ ನಡೆಯಲ್ಲ, ಮೇಲ್ಸ್ವರಗಳು ಓರೆಕೋರೆ. ಅದಕ್ಕೇ ಅದು ರಾಗವಾಗಿ ಕೇಳಿಸದೆ ಗಂಟೆಯ ಗುಂಗಿನ ಹಾಗೆ ಕೇಳಿಸುತ್ತದೆ. ಇದಕ್ಕೆ ಅವರು ಸೊನಾಂಬಿಯೆಂಟ್ ಅಂತ ಹೆಸರಿಟ್ಟರು.

ಮನೆಯ ಹತ್ತಿರದ ಹಳೆಯ ಕಲ್ಲಿನ ಕೊಟ್ಟಿಗೆಯೊಂದನ್ನು ಸರಿಮಾಡಿಸಿ ಒಳಗೆ ಮರದ ನೆಲ ಹಾಸಿದರು. ಅದರ ತುಂಬ ಈ ಶಿಲ್ಪಗಳು, ಅಂಗೈ ಎತ್ತರದವುಗಳಿಂದ ಹಿಡಿದು ಆಳೆತ್ತರ ಮೀರಿದವುಗಳವರೆಗೆ. ತೂಗುಹಾಕಿದ ದೊಡ್ಡ ಜಾಗಟೆಗಳು. ಸಂಗೀತದ ಕಿವಿ ಇದ್ದ ಅಣ್ಣ ಒರೆಸ್ಟೆಯೂ ಜೊತೆಗೂಡಿದರು. ಇಬ್ಬರೂ ಸೇರಿ ನುಡಿಸುವುದು, ಮೈಕು ತೂಗುಹಾಕಿ ಟೇಪಿಗೆ ಇಳಿಸುವುದು, ಮತ್ತೆ ಕೇಳುವುದು, ಆ ಟೇಪಿನ ಮೇಲೆಯೇ ಮತ್ತೊಂದು ಪದರ ನುಡಿಸುವುದು. ನೂರಾರು ಟೇಪುಗಳಾದವು. 1970ರಲ್ಲಿ ಮೊದಲ ಎಲ್‌ಪಿ ಬಂತು.

ಇನ್ನೊಂದು ವಿಚಿತ್ರ. ಈ ಮನುಷ್ಯ ತನ್ನ ಶಿಲ್ಪಗಳಿಗೆ ಸಹಿ ಹಾಕುತ್ತಿರಲಿಲ್ಲ. ಬಹುತೇಕ ಯಾವುದಕ್ಕೂ ಶೀರ್ಷಿಕೆಯೂ ಇಲ್ಲ. ಇದು ಒಬ್ಬನಿಂದ ಬಂದದ್ದಲ್ಲ, ಹಾಗಾಗಿ ಒಬ್ಬನ ಹೆಸರು ಬೇಡ ಅನ್ನೋದು ಅವರ ನಿಲುವು. ಹೆಸರು ಹಾಕಲಿಲ್ಲ ಅಂತ ಕೆಲಸ ಬಿಟ್ಟು ಬಂದವರೇ ಇವರು ಅನ್ನೋದು ನೆನಪಿರಲಿ. ಇದರಲ್ಲಿ ವಿರೋಧ ಇದೆ ಅಂತ ನನಗೆ ಅನ್ನಿಸುವುದಿಲ್ಲ. ತನ್ನ ಹೆಸರನ್ನು ತಾನೇ ಬಿಡುವುದು ಒಂದು, ಇನ್ನೊಬ್ಬರು ಅಳಿಸುವುದು ಇನ್ನೊಂದು. ಸಹಿ ಇಲ್ಲದ್ದರಿಂದ ಇವತ್ತು ಖಾಸಗಿ ಮಾರುಕಟ್ಟೆಯಲ್ಲಿ ಅಸಲಿ ಯಾವುದು ನಕಲಿ ಯಾವುದು ಅಂತ ಪ್ರಮಾಣಪತ್ರ ಕೊಡುವುದೇ ಒಂದು ಕೆಲಸವಾಗಿದೆ.

ಈಗ ಕಹಿ ಮಾತಿಗೆ ಬರೋಣ. ಒಳ್ಳೆಯ ನಾದ ಬರಲು ಬರ್ಟೋಯಾಗೆ ತುಂಬಾ ಇಷ್ಟವಾದ ಲೋಹ ಬೆರಿಲಿಯಂ ತಾಮ್ರ. ತಾಮ್ರಕ್ಕೆ ಸುಮಾರು ಶೇಕಡಾ 2ರಷ್ಟು ಬೆರಿಲಿಯಂ ಬೆರೆಸಿದರೆ ಅದು ಸ್ಪ್ರಿಂಗಿನಂತೆ ಚಿಮ್ಮುತ್ತದೆ, ಗಟ್ಟಿಯಾಗುತ್ತದೆ. ಗಟ್ಟಿ ಸರಳಾಗಿದ್ದಾಗ ಮುಟ್ಟಿದರೆ ಅಪಾಯವಿಲ್ಲ. ಕತ್ತರಿಸಿದರೆ, ಉಜ್ಜಿದರೆ, ಕರಗಿಸಿದರೆ ಏಳುವ ದೂಳು ಮತ್ತು ಹೊಗೆ ಮಾತ್ರ ವಿಷ. ಇದು ಆಮೇಲೆ ಗೊತ್ತಾದ ವಿಷಯವೂ ಅಲ್ಲ. 1946ರಲ್ಲೇ ವೈದ್ಯೆ ಹ್ಯಾರಿಯೆಟ್ ಹಾರ್ಡಿ, ಮ್ಯಾಸಚೂಸೆಟ್ಸ್‌ನಲ್ಲಿ ಟ್ಯೂಬ್‌ಲೈಟ್ ಕಾರ್ಖಾನೆಯ ಕಾರ್ಮಿಕರ ಶ್ವಾಸಕೋಶ ಬೆರಿಲಿಯಂನಿಂದ ಹಾಳಾಗುತ್ತಿದೆ ಅಂತ ವರದಿ ಮಾಡಿದ್ದರು. ಅವರಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. 1949ರಲ್ಲಿ ಟ್ಯೂಬ್‌ಲೈಟ್‌ಗೆ ಬೆರಿಲಿಯಂ ಬಳಸುವುದು ನಿಂತಿತು. ಆದರೆ ಅಣುಬಾಂಬಿಗೆ ಅದು ಬೇಕಿತ್ತು. ಅಣುಶಕ್ತಿ ಆಯೋಗ ಒಂದು ಮಿತಿ ಗೊತ್ತುಮಾಡಿತು: ಒಂದು ಘನ ಮೀಟರ್ ಗಾಳಿಗೆ 2 ಮೈಕ್ರೊಗ್ರಾಂ. ಇಬ್ಬರು ಅಧಿಕಾರಿಗಳು ಟ್ಯಾಕ್ಸಿಯಲ್ಲಿ ಕೂತು ಅಂದಾಜಿನಲ್ಲಿ ಹಾಕಿದ ಲೆಕ್ಕ ಅಂತಲೇ ಅದು ಹೆಸರಾಗಿದೆ, ಟ್ಯಾಕ್ಸಿ ಮಾನದಂಡ ಅನ್ನೋ ಅಡ್ಡಹೆಸರೂ ಇದೆ. ಆ ಟ್ಯಾಕ್ಸಿ ಲೆಕ್ಕವೇ ಅಮೆರಿಕದ ಕಾರ್ಮಿಕ ಸುರಕ್ಷತೆಯ ಕಾನೂನಾಗಿ ದಶಕಗಟ್ಟಲೆ ಉಳಿಯಿತು. ಕಾರ್ಮಿಕರು ಕಾಯಿಲೆ ಬೀಳುತ್ತಲೇ ಇದ್ದರು. 1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬೆರಿಲಿಯಂ ಕ್ಯಾನ್ಸರ್‌ಕಾರಕ ಅಂತ ಸಾರಿತು. ಮಿತಿಯನ್ನು 0.2ಕ್ಕೆ, ಅಂದರೆ ಹತ್ತನೇ ಒಂದು ಭಾಗಕ್ಕೆ ಇಳಿಸಿದ ಆದೇಶ ಬಂದದ್ದು 2017ರಲ್ಲಿ.

ಬರ್ಟೋಯಾ ತೀರಿಕೊಂಡದ್ದು 1978ರ ನವೆಂಬರ್ 6ರಂದು, 63ನೇ ವಯಸ್ಸಿಗೆ, ಶ್ವಾಸಕೋಶದ ಕ್ಯಾನ್ಸರ್‌ನಿಂದ. ವರ್ಷಗಟ್ಟಲೆ ಕುಡಿದ ಲೋಹದ ಹೊಗೆಯೇ ಕಾರಣ ಅಂತ ಅವರ ಬಗ್ಗೆ ಬರೆದವರು ಹೇಳುತ್ತಾ ಬಂದಿದ್ದಾರೆ. ಕಲೆಗಾಗಿ ಪ್ರಾಣ ಕೊಟ್ಟರು ಅಂತ ಇದನ್ನು ಸುಂದರವಾಗಿ ಹೇಳುವವರಿದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅವರ ಹೆಸರು ನಮಗೆ ಗೊತ್ತಿದೆ. ಅದೇ ಹೊಗೆಯಲ್ಲಿ ಸ್ಪ್ರಿಂಗು, ಸ್ವಿಚ್ಚು, ಬಾಂಬಿನ ಬಿಡಿಭಾಗ ಮಾಡುತ್ತಾ ಸತ್ತವರ ಹೆಸರು ಯಾವ ಮ್ಯೂಸಿಯಂನಲ್ಲೂ ಇಲ್ಲ.

ಕಾಯಿಲೆ ಗೊತ್ತಾದ ಮೇಲೆ ಅವರು ಕೂತು ಮಾಡಿದ ಕೆಲಸ ಟೇಪುಗಳ ಆಯ್ಕೆ. ಇನ್ನೂ ಹತ್ತು ಎಲ್‌ಪಿಗಳಿಗೆ ಬೇಕಾದಷ್ಟನ್ನು ಆರಿಸಿಟ್ಟು ಹೋದರು. ಕೊಟ್ಟಿಗೆಯ ಹಿಂದೆಯೇ ಅವರನ್ನು ಮಣ್ಣು ಮಾಡಿ, ಮೇಲೆ ಅವರೇ ಮಾಡಿದ ಸುಮಾರು ಒಂದು ಟನ್ ತೂಕದ ಜಾಗಟೆ ನಿಲ್ಲಿಸಿದರು.

ನಂತರದ ಕತೆ ಹೆಚ್ಚಾಗಿ ಒಡೆತನದ ಕತೆ. ನ್ಯೂಯಾರ್ಕ್‌ನ ಬ್ಯಾಂಕಿನ ಪರದೆಯನ್ನು, ಆ ಬ್ಯಾಂಕಿನ ವಾರಸುದಾರ ಜೆಪಿ ಮಾರ್ಗನ್ ಚೇಸ್ 2010ರಲ್ಲಿ ಸದ್ದಿಲ್ಲದೆ ಬಿಚ್ಚಿ ಸಾಗಿಸಿತು. ಕಟ್ಟಡದ ಹೊರಮೈಗೆ ಮಾತ್ರ ಕಾನೂನಿನ ರಕ್ಷಣೆ ಇತ್ತು, ಒಳಗಿನದ್ದು ಖಾಸಗಿ ಆಸ್ತಿ. ಪರಂಪರೆ ಸಂರಕ್ಷಣೆಯ ಹೋರಾಟಗಾರರು ಬೀದಿಗೆ, ಕೋರ್ಟಿಗೆ ಹೋದರು. 2011ರಲ್ಲಿ ನಗರ ಆಡಳಿತ ಒಳಾಂಗಣಕ್ಕೂ ರಕ್ಷಣೆ ಕೊಟ್ಟಿತು, 2012ರಲ್ಲಿ ಪರದೆ ತನ್ನ ಜಾಗಕ್ಕೆ ವಾಪಸ್ ಬಂತು. ಅಷ್ಟರಲ್ಲಿ ಬ್ಯಾಂಕು ಹೋಗಿ ಬಟ್ಟೆ ಅಂಗಡಿ ಬಂದಿತ್ತು. ಪೆನ್ಸಿಲ್ವೇನಿಯಾದ ಕೊಟ್ಟಿಗೆಯನ್ನು ಉಳಿಸೋಕೆ ಅಂಥ ಕಾನೂನು ಇರಲಿಲ್ಲ. ಒಟ್ಟಿಗೆ ಇದ್ದು ಒಟ್ಟಿಗೆ ನುಡಿಯಲೆಂದು ಅವರು ಜೋಡಿಸಿಟ್ಟಿದ್ದ ಶಿಲ್ಪಗಳು 2010ರ ದಶಕದಲ್ಲಿ ಬೇರೆಬೇರೆಯಾಗಿ ಚದುರಿದವು. ಟೇಪುಗಳು ಮಾತ್ರ ಒಟ್ಟಿಗೆ ಉಳಿದು, ಅವರ 11 ಎಲ್‌ಪಿಗಳು ಸಿಡಿಗಳ ಪೆಟ್ಟಿಗೆಯಾಗಿ ಮತ್ತೆ ಹೊರಬಂದವು. ಹಾಗಾಗಿ ಆ ಕೋಣೆ ಹೇಗೆ ಕೇಳಿಸುತ್ತಿತ್ತು ಅನ್ನೋದು ಗೊತ್ತಾಗಲು ಈಗ ಇರುವ ದಾರಿ ಹೆಡ್‌ಫೋನ್ ಒಂದೇ.

ಬಯಲಲ್ಲಿ ಉಳಿದವು ಕೆಲವಿವೆ. ವೆಸ್ಟ್ ವರ್ಜೀನಿಯಾದ ಮಾರ್ಷಲ್ ವಿಶ್ವವಿದ್ಯಾಲಯದಲ್ಲಿ, 1970ರ ನವೆಂಬರ್ 14ರ ವಿಮಾನ ದುರಂತದಲ್ಲಿ ಸತ್ತ 75 ಜನರ ನೆನಪಿಗೆ ಅವರು ಮಾಡಿದ ಕಾರಂಜಿ ಇದೆ. ಪ್ರತಿವರ್ಷ ಅದೇ ದಿನ ವಿದ್ಯಾರ್ಥಿಗಳೆಲ್ಲ ಸೇರಿದಾಗ ಕಾರಂಜಿಯ ನೀರು ನಿಲ್ಲಿಸುತ್ತಾರೆ, ಮತ್ತೆ ಬಿಡುವುದು ವಸಂತ ಬಂದ ಮೇಲೆಯೇ. ಶಿಕಾಗೋದಲ್ಲಿ ಸ್ಟಾಂಡರ್ಡ್ ಆಯಿಲ್ ಕಂಪನಿಯ ಗೋಪುರದ ಮುಂದೆ 1975ರಲ್ಲಿ ನೀರಿನ ನಡುವೆ ನಿಲ್ಲಿಸಿದ 11 ನಾದಶಿಲ್ಪಗಳಲ್ಲಿ ಕೆಲವನ್ನು ಅಂಗಳ ಬದಲಿಸುವಾಗ ತೆಗೆದರು, ಅವು ಹರಾಜಿನ ದಾರಿ ಹಿಡಿದವು. ಉಳಿದವು ಅಲ್ಲೇ ಇವೆ. ಕಟ್ಟಡದ ಹೆಸರು ಈಗ ಏಆನ್ ಸೆಂಟರ್. ಮಿಷಿಗನ್ ಸರೋವರದ ಕಡೆಯಿಂದ ಗಾಳಿ ಜೋರಾದ ದಿನ, ಊಟದ ಡಬ್ಬಿ ಬಿಚ್ಚಿ ಕೂತ ಆಫೀಸಿನವರ ನಡುವೆ ಅವು ತಮ್ಮಷ್ಟಕ್ಕೆ ತಾವು ನುಡಿಯುತ್ತವೆ.